ಪಡುಕೆರೆಯಲ್ಲಿ ಸರದಿ

ಗಂಟೆ ಮೂರೂ ಕಾಲು. ಮಲ್ಪೆ ಬಂದರಿನ ಐಸ್ ಯಂತ್ರ
ಹಲ್ಲು ಕಡಿಯುತ್ತಿದೆ.
ಸೇತುವೆ ದಾಟಿ ಬಂದೆವು: ನಾಲ್ಕು ಸೈಕಲ್ಲು,
ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಿದ ಒಂದು ಓಮ್ನಿ,
ಒಂದು ಸ್ಟಾಪ್‌ವಾಚು.
ಕೊನೆಯದು ನಾನು. ಮೊಣಕಾಲು ಸವೆದ ಮೇಲೆ
ನನ್ನಲ್ಲಿ ಉಳಿದದ್ದು ಅಷ್ಟೇ.

ಥಾರಿನಲ್ಲಿ ನಾನೂರ ಎಂಬತ್ತು ಕಿಲೋಮೀಟರು,
ನಾಲ್ವರು ಸರದಿಯಲ್ಲಿ ತುಳಿದು ಮುಗಿಸಬೇಕು.
ಇನ್ನು ಹತ್ತೊಂಬತ್ತು ದಿನ.
ಇಲ್ಲೋ, ನಿರ್ನಾಲದ ಬಿಟ್ಟುಬಿಟ್ಟು ಬರುವ ಮಳೆ,
ಗಾಳಿಯನ್ನೇ ಹಿಂಡಿದರೆ ಒಂದು ಚೊಂಬು ನೀರು.

ದಮ್ಮಾಮಿನಲ್ಲಿ ಹನ್ನೊಂದು ವರ್ಷ
ನೀರಿನ ಟ್ಯಾಂಕರ್ ಓಡಿಸಿದ ಹಸನಬ್ಬ
ಸ್ಟಿಯರಿಂಗಿಗೆ ಗದ್ದವೂರಿ ಹೇಳುತ್ತಾರೆ:
"ಅಲ್ಲಿ ಬೆವರು ಕಾಣ್ಲಿಕ್ಕೆ ಸಿಗುವುದಿಲ್ಲ ಮಾರಾಯ್ರೆ,
ಹುಟ್ಟುವ ಮೊದಲೇ ಒಣಗ್ತದೆ.
ಅಂಗಿಯ ಮೇಲೆ ಬಿಳಿ ಗೆರೆ ಬಿದ್ದಾಗ ಗೊತ್ತಾಗುವುದು
ಒಳಗಿನ ಸಮುದ್ರ ಎಷ್ಟು ಇಳಿಯಿತು ಅಂತ."

ಹಾಗಾಗಿ ಬಾಯಾರುವ ಮೊದಲೇ ಕುಡಿಯಲು ಕಲಿಸುತ್ತೇನೆ.
ಕಾಲು ಗಂಟೆಗೊಮ್ಮೆ ಸೀಟಿ, ಎರಡು ಗುಟುಕು
ಕುಚ್ಚಲಕ್ಕಿ ಗಂಜಿಯ ತಿಳಿ, ಕಲ್ಲುಪ್ಪು.
ಐಸ್ ಪ್ಲಾಂಟಿನ ಲೆಕ್ಕ ಬರೆಯುವ ಯಶವಂತಿ ಕುಂದರ್
ಮುಖ ಕಿವುಚುತ್ತಾಳೆ:
"ಸಾಲ ಮಾಡದೆ ಬಡ್ಡಿ ಕಟ್ಟಿದ ಹಾಗಾಯ್ತು ಇದು."
ಮಧ್ಯಾಹ್ನ ಡೆನ್ಜಿಲನ ಬೇಕರಿ. ಒಲೆಯ ಕೋಣೆಯಲ್ಲಿ
ನಾಲ್ವರನ್ನೂ ಕೂಡಿಹಾಕಿ ನಿಂತಲ್ಲೇ ತುಳಿಸುತ್ತೇನೆ;
ಬನ್ನು ಉಬ್ಬುತ್ತದೆ, ಹಣೆಯ ನರವೂ.

ಟೈರಿನ ಗಾಳಿ ಇಳಿಸು. ಇನ್ನೂ ಇಳಿಸು.
ಹೆಬ್ಬೆರಳಿಗೆ ಮಾಗಿದ ಚಿಕ್ಕು ಅನ್ನಿಸಬೇಕು.

ಮೀನು ಒಣಗಿಸಲು ಬರುವ ಬೇಬಿಯಕ್ಕ
ಬುಟ್ಟಿ ಇಳಿಸಿ ನಿಂತು ನೋಡಿ ಕೇಳಿದರು,
"ಇಲ್ಲಿ ಮರಳಿಲ್ವಾ? ಮರಳಿಗೆ ಅಂತ ಅಷ್ಟು ದೂರ?
ನಿಮಗೆ ಮರುಳು."
ಹೇಗೆ ಹೇಳಲಿ, ಇಲ್ಲಿಯದು ಒದ್ದೆ,
ಚಕ್ರವನ್ನು ಹಿಡಿದು ಊರು ಯಾವುದು ಕೇಳಿ ಬಿಡುತ್ತದೆ.
ಅಲ್ಲಿಯದು ಕೇಳುವುದಿಲ್ಲವಂತೆ.

ರಮ್ಲತ್ ರಾತ್ರಿಯ ಪಾಲಿನವಳು.
ದೀಪ ಆರಿಸಿಯೇ ತುಳಿಯುತ್ತಾಳೆ,
ಗಟ್ಟಿ ಮರಳಿಗೊಂದು ಸದ್ದು, ಕುಸಿಯುವ ಮರಳಿಗೊಂದು.
ಲೈನ್‌ಮ್ಯಾನ್ ಉಮಾನಾಥನಿಗೆ
ಹನ್ನೊಂದು ಸಾವಿರ ವೋಲ್ಟಿನ ಹೆದರಿಕೆಯಿಲ್ಲ,
ಕಾಯುವುದೆಂದರೆ ಕೈಕಾಲು ನಡುಗುತ್ತದೆ.
"ನನ್ನದು ಎಷ್ಟೊತ್ತಿಗೆ? ನನ್ನದು ಎಷ್ಟೊತ್ತಿಗೆ?"
ಅವನಿಗೆ ಇನ್ನೂ ಹತ್ತಿಲ್ಲ: ಸರದಿಯೆಂದರೆ
ಒಂದು ಪಾಲು ತುಳಿಯುವುದು, ಮೂರು ಪಾಲು
ಕಾದ ಓಮ್ನಿಯಲ್ಲಿ ಬರಿಗಾಲಲ್ಲಿ ಕೂತು
ಇನ್ನೊಬ್ಬರ ಉಸಿರನ್ನು ದೂರದಿಂದ ಊಹಿಸುವುದು.

ಕಳೆದ ಆದಿತ್ಯವಾರ ಗುಡುಗಿಗೆ
ಕೊಡವೂರಿನ ಟ್ರಾನ್ಸ್‌ಫಾರ್ಮರ್ ಹೋಯಿತು.
ಫೋನು ಬಂತು, ಉಮಾನಾಥ ಹೊರಟ.
ಆಚೆ ತುದಿಯಲ್ಲಿ ರಮ್ಲತ್ ಕಾಯುತ್ತಿದ್ದಾಳೆ,
ಈಚೆ ಡೆನ್ಜಿಲ್ ಕೆಂಪು ಪಟ್ಟಿ ಬಿಚ್ಚಿ ಚಾಚಿದ್ದಾನೆ,
ನಡುವೆ ಏಳು ಕಿಲೋಮೀಟರು ಯಾರದ್ದೂ ಅಲ್ಲ.

ಸ್ಟಾಪ್‌ವಾಚನ್ನು ಹಸನಬ್ಬರಿಗೆ ಕೊಟ್ಟೆ.

ಮೊದಲ ಎರಡು ಕಿಲೋಮೀಟರು ಮೊಣಕಾಲು ಸುಮ್ಮನಿತ್ತು.
ಆಮೇಲೆ ಅದರದ್ದೇ ಮಾತು,
ಒಳಗೆ ಯಾರೋ ತೆಂಗಿನಕಾಯಿ ತುರಿದ ಹಾಗೆ.
ಸೀಟಿ ಊದುವವರಿಲ್ಲ, ಕುಡಿಯಲು ಮರೆತೆ.
ದೋಣಿಗಳ ನಡುವೆ ಕೊನೆಗೆ ಅವಳು ಕಂಡಳು,
ಹೆಬ್ಬೆರಳು ಆಗಲೇ ಪೆಡಲಿನ ಮೇಲೆ.
ನನ್ನ ಮುಖ ನೋಡಲಿಲ್ಲ, ಮೊಣಕಾಲನ್ನೂ.
ಕೈ ಮಾತ್ರ ಚಾಚಿದಳು.
ನಾನೇ ಕಲಿಸಿದ್ದು ಅದು:
ಬರುವವರ ಮುಖ ನೋಡಬೇಡ, ಮರುಕ ಹುಟ್ಟಿದರೆ ಚಕ್ರ ನಿಧಾನ.
ಪಟ್ಟಿ ಕೊಟ್ಟೆ. ಹೋದಳು.

ಓಮ್ನಿ ಬಂತು. ಎಷ್ಟಾಯಿತು ಕೇಳಿದೆ.
ಹಸನಬ್ಬ ಸ್ಟಾಪ್‌ವಾಚನ್ನು ತಿರುಗಿಸಿ ತಿರುಗಿಸಿ ನೋಡಿದರು.
"ಒತ್ತಲಿಕ್ಕೆ ಮರೆತೆ. ನಿಮ್ಮನ್ನು ನೋಡ್ತಾ ಇದ್ದೆ."

ಪುಸ್ತಕದಲ್ಲಿ ಆ ಸಾಲು ಖಾಲಿ ಇದೆ.
ನಿನ್ನೆ ಯಶವಂತಿ ಅದರ ಮುಂದೆ ಪೆನ್ಸಿಲಿನಲ್ಲಿ
ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾಳೆ; ಲೆಕ್ಕದವಳು.

ಅಂಗಳದ ಹಗ್ಗದ ಮೇಲೆ ನನ್ನ ಕಪ್ಪು ಅಂಗಿ
ಬುಧವಾರವಾದರೂ ಒಣಗಿಲ್ಲ.
ಬಿಳಿ ಗೆರೆ ಬಂದೀತೆಂದು
ಹೋಗಿ ಬಂದು ಮುಟ್ಟಿ ನೋಡುತ್ತೇನೆ.