ಮರದ ಮೇಲಿನ ಅಂಕಿ

ಪೋರ್ಚುಗಲ್ಲಿನ ಅಲೆಂತೆಜುವಿನಲ್ಲಿ,
ಎಣ್ಣೆಗಾಣ ನಿಂತುಹೋದ ಒಂದು ಕೋಣೆಯಲ್ಲಿ
ಗುರುವಾರ ಸಂಜೆ ಏಳಕ್ಕೆ ನನ್ನ ಪಾಠ.
ಎಸೆಯಲಿದ್ದ ನಾಲ್ಕು ಕಂಪ್ಯೂಟರು
ಲಿನಕ್ಸ್ ಹಾಕಿದ ಮೇಲೆ ಮತ್ತೆ ಉಸಿರಾಡತೊಡಗಿವೆ.
ಗೋಡೆಗೆ ಇನ್ನೂ ಆಲಿವ್ ಹಿಂಡಿಯ ವಾಸನೆ.

ಜೆರ್ವಾಜಿಯು ಬರುತ್ತಾನೆ ಎಲ್ಲರಿಗಿಂತ ಮೊದಲು,
ಕೊಡಲಿಯನ್ನು ಹೊರಗೇ ಒರಗಿಸಿ.
ಐವತ್ತು ಬೇಸಿಗೆ ಕಾರ್ಕ್ ಮರದ ತೊಗಟೆ ಬಿಡಿಸಿದ ಬೆರಳು
ಕೀಲಿಮಣೆಗೆ ತಾಗಿದರೆ ಒಮ್ಮೆಗೇ ಮೂರು ಅಕ್ಷರ.

ಇಲ್ಲಿ ಬೇರು ಮೇಲಿದೆ, ಎಂದೆ ಮೊದಲ ದಿನ.
ಒಂದು ಓರೆಗೆರೆ, ಅದೇ ಬೇರು.
ಅಲ್ಲಿಂದ ಕೆಳಕ್ಕೆ ಕೊಂಬೆಗಳು:
ಹೋಮ್ ಅಂದರೆ ಮನೆಗಳ ಕೇರಿ,
ಇಟಿಸಿ ಯಂತ್ರದ ಕಟ್ಟುಕಟ್ಟಳೆ,
ಟೆಂಪ್ ಒಂದು ಛತ್ರ, ಬೆಳಗಾದರೆ ಯಾರ ಗಂಟೂ ಉಳಿಯದು.
ತಲೆಕೆಳಗಾದ ಮರ ಅವನಿಗೆ ಒಗ್ಗಲಿಲ್ಲ.
ಹಾಳೆ ತಿರುಗಿಸಿ ಹಿಡಿದ. "ಈಗ ಸರಿ."

ಮುಂದಿನ ವಾರ ಹಕ್ಕುಗಳ ಪಾಠ.
ಒಡೆಯನಿಗೊಂದು ಅಂಕಿ, ಗುಂಪಿಗೊಂದು, ಉಳಿದ ಲೋಕಕ್ಕೊಂದು.
ಓದಲು ನಾಲ್ಕು, ಬರೆಯಲು ಎರಡು, ನಡೆಸಲು ಒಂದು,
ಕೂಡಿಸಿದರೆ ಏಳು, ಅದರಿಂದಾಚೆ ಕೊಡಲು ಏನೂ ಇಲ್ಲ.

ಅಂಕಿ ಎಂದೊಡನೆ ಅವನ ಕಿವಿ ನಿಮಿರಿತು.
ಅವನ ಮರಗಳಿಗೂ ಅಂಕಿಯಿದೆ:
ತೊಗಟೆ ಬಿಡಿಸಿದ ವರ್ಷದ ಕೊನೆಯಂಕಿ,
ಬಿಳಿ ಬಣ್ಣದಲ್ಲಿ, ಎದೆಮಟ್ಟಕ್ಕೆ.
ಆಮೇಲೆ ಒಂಬತ್ತು ವರ್ಷ ಯಾರೂ ಮುಟ್ಟುವಂತಿಲ್ಲ.
"ಓದುವುದು ಎಲ್ಲರಿಗೂ," ಎಂದ,
"ದಾರಿಹೋಕನಿಗೂ, ಹಂದಿ ಮೇಯಿಸುವವನಿಗೂ.
ಬರೆಯುವುದು ಬಣ್ಣದ ಡಬ್ಬಿ ಹಿಡಿದವನಿಗೆ ಮಾತ್ರ."
ಆರು ನಾಲ್ಕು ನಾಲ್ಕು,
ನಾನು ಹಲಗೆಗೆ ಸೀಮೆಸುಣ್ಣ ತಾಗಿಸುವ ಮೊದಲೇ.

ಆಮೇಲೆ, ಯಾರೂ ಕೇಳದೆ:
ತನಗೆ ಹತ್ತೊಂಬತ್ತಿದ್ದಾಗ ಒಬ್ಬ ಮೇಸ್ತ್ರಿ
ರಾತ್ರಿ ಕುಂಚ ಹಿಡಿದು ತೋಪಿಗೆ ಹೋದ.
ಮೂರಕ್ಕೆ ಎರಡು ಗೀಟು ಸೇರಿಸಿದರೆ ಎಂಟು.
ಐದು ವರ್ಷ ಒಂದೇ ರಾತ್ರಿಗೆ ಮುಗಿದವು.
"ಬೆಳಿಗ್ಗೆ ನಾವು ಅಂಕಿ ಓದಿಯೇ ಕೊಡಲಿ ಹಾಕಿದೆವು.
ತೊಗಟೆ ಇನ್ನೂ ಎಳಸು. ಏಟು ಒಳಗಿನ ಜೀವಕ್ಕೆ ಇಳಿಯಿತು.
ಹದಿನೇಳು ಮರ. ನಿಂತಲ್ಲೇ ಒಣಗಿದವು."
ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ.

ಔಷಧಿ ಅಂಗಡಿಯ ಒತಿಲಿಯಾಗೆ ಒಂದು ಅನುಮಾನ:
ಕಡತ ಓಡೀತು, ಕಡತಕೋಶವನ್ನು ನಡೆಸುವುದೆಂದರೇನು?
ನಾನು ಪುಟ ಹುಡುಕುತ್ತಿದ್ದೆ.
"ದೊಡ್ಡವರ ಜಮೀನಿನ ನಡುವೆ ಕಾಲುದಾರಿ ಇಲ್ಲವೇನೆ?
ಹಾದುಹೋಗು. ಎಷ್ಟು ಮರ ಎಂದು ಎಣಿಸುತ್ತ ನಿಲ್ಲಬೇಡ.
ಹೋಗುವ ಜಾಗದ ಹೆಸರು ಗೊತ್ತಿದ್ದವನು ಮುಟ್ಟುತ್ತಾನೆ,
ಗೊತ್ತಿಲ್ಲದವನಿಗೆ ಬರೀ ಮಂಜು."
ಏಳು ಒಂದು ಒಂದರ ಪಕ್ಕ ಇದನ್ನೇ ಬರೆದುಕೊಂಡೆ.

"ಈ ಅಂಕಿ ಯಾವುದೂ ತಡೆಯದವನು ಒಬ್ಬ ಇರಬೇಕಲ್ಲ?"
ಇದ್ದಾನೆ. ಅವನ ಹೆಸರೂ ಬೇರು ಎಂದೇ, ರೂಟ್.
"ಅವನ ಗುಪ್ತಪದ ಯಾರ ಹತ್ತಿರ?"
ನನ್ನ ಹತ್ತಿರ.
ಸ್ವಲ್ಪ ಹೊತ್ತು ನನ್ನನ್ನೇ ನೋಡಿದ.
ಕುಂಚ ಹಿಡಿದವರನ್ನು ನೋಡುವ ನೋಟ ಅದು.

ಜೂನ್ ಬಂತು, ತೊಗಟೆ ಸಡಿಲಾಯಿತು, ಅವನು ಬರಲಿಲ್ಲ.
ಡಿಸ್ಕ್ ಎಷ್ಟು ತುಂಬಿದೆ ಎಂದು ನೋಡಹೋಗಿ
ಅವನ ಮನೆಯೊಳಗೆ ಕಂಡೆ: ಸಂಘದ ಮರಗಳ ಪಟ್ಟಿ,
ಆರು ನಾಲ್ಕು ನಾಲ್ಕು, ಎಲ್ಲ ನೆಟ್ಟಗಿದೆ.
ಅದರ ಪಕ್ಕ, ಹೆಸರಿನ ಮುಂದೆ ಚುಕ್ಕಿಯಿಟ್ಟು ಅಡಗಿಸಿದ
ಒಂದು ಕಡತ. ಆರು ಸೊನ್ನೆ ಸೊನ್ನೆ.
ಹನ್ನೆರಡು ಸಾವಿರ ಬೈಟು:
ಒಂದೇ ಬೆರಳಿನವನಿಗೆ ಎಷ್ಟು ಸಂಜೆ ಹಿಡಿದಿರಬಹುದು?
ಚುಕ್ಕಿ, ಆಮೇಲೆ ಜೆನೊವೇವಾ.
ಈ ಊರಲ್ಲಿ ಆ ಹೆಸರಿನವರು ಯಾರೂ ಇಲ್ಲ.

ನನ್ನನ್ನು ತಡೆಯುವ ಅಂಕಿ ಆ ಯಂತ್ರದಲ್ಲಿ ಇರಲಿಲ್ಲ.
ಬೆರಳು ಕೀಲಿಯ ಮೇಲೆಯೇ ಇತ್ತು, ಸುಳ್ಳೇಕೆ ಹೇಳಲಿ.
ಎಲ್ಲದರ ಜೊತೆ ಅದಕ್ಕೂ ಒಂದು ನಕಲು ತೆಗೆದಿಟ್ಟು
ತೆರೆಯದೆ ಎದ್ದೆ.

ಬಾಗಿಲಾಚೆ ಅವನ ಕೊಡಲಿ ಒರಗುವ ಜಾಗ ಖಾಲಿ.
ಹಿಡಿಯ ಚೂಪು ತುದಿ ಊರಿ ಊರಿ ಆದ ಗುಳಿಯಲ್ಲಿ
ಒಂದು ಇರುವೆ ಇಳಿಯುತ್ತಿತ್ತು,
ಯಾರನ್ನೂ ಕೇಳದೆ.