ಮೂಗು ಹಾಸನ, ಕಿವಿ ಹುಬ್ಬಳ್ಳಿ

ಅರಸೀಕೆರೆ ಜಂಕ್ಷನ್ನಿನಲ್ಲಿ ಹುಟ್ಟಿದವನಿಗೆ
ಸ್ಪಿನ್ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ.
ಬೆಂಗಳೂರಿನಿಂದ ಬಂದ ಗಾಡಿ ಇಲ್ಲಿ ನಿಂತು, ನೀರು ಕುಡಿದು,
ಒಂದು ಹುಬ್ಬಳ್ಳಿಗೆ ನೇರ ಹೋಗುತ್ತದೆ,
ಒಂದು ಹಾಸನಕ್ಕೆ ತಿರುಗುತ್ತದೆ.
ಎರಡಕ್ಕೂ ಒಂದೇ ಬಣ್ಣ, ಒಂದೇ ಸದ್ದು.
ತಪ್ಪು ಗಾಡಿ ಹತ್ತಿದವನಿಗೆ
ಆಮೇಲೆ ಗೊತ್ತಾಗುತ್ತದೆ.

ಚೆಲುವರಾಜು, ನಮ್ಮ ಗುರುತೂ ಅದೇ ಅಲ್ಲವೇ?
ಮೂಗು ಮುಟ್ಟಿದರೆ ಹಾಸನ, ಕಿವಿ ತುರಿಸಿದರೆ ಹುಬ್ಬಳ್ಳಿ.
ನಿನಗೆ ಹದಿನಾಲ್ಕು, ನನಗೆ ಹದಿಮೂರು,
ನಮ್ಮಪ್ಪನ ಕೊಬ್ಬರಿ ಮಂಡಿಯ ಗೋಣಿಯಲ್ಲಿ ಹೊಲಿದ ಗ್ಲೌಸ್.

ಎಡಗೈಯಲ್ಲಿ ತುತ್ತೆತ್ತಿದರೆ ನಿಮ್ಮಜ್ಜಿ ಸೌಟಿನಲ್ಲಿ ಬಾರಿಸುತ್ತಿದ್ದಳು.
ಅನ್ನಕ್ಕೆ ಬೇಡವಾದ ಆ ಕೈ
ಸಂಜೆ ರೈಲ್ವೆ ಇನ್‌ಸ್ಟಿಟ್ಯೂಟ್ ಮೈದಾನದಲ್ಲಿ
ಹೊಟ್ಟೆ ತುಂಬ ಉಣ್ಣುತ್ತಿತ್ತು.
ನಿಮ್ಮಪ್ಪ ಕೀಮನ್ ಮಾದಯ್ಯ ಡ್ಯೂಟಿ ಮುಗಿಸಿ ಬಂದು
ಹಳಿಯ ಮೊಳೆಗಳಿಂದ
ಮ್ಯಾಟಿನ ನಾಲ್ಕು ಮೂಲೆ ಬಡಿಯುತ್ತಿದ್ದ.
ತೆಂಗಿನ ನಾರಿನ ಮ್ಯಾಟು, ನಮ್ಮ ಸೀಮೆಯದೇ ನಾರು.
ಬಿದ್ದ ಚೆಂಡು ಅದನ್ನು ಕಚ್ಚಿ ಒಂದು ಮೊಳ ತಿರುಗುತ್ತಿತ್ತು.
ಬ್ಯಾಟು ಬೀಸಿದವನು ಸ್ಟೇಷನ್ ಮಾಸ್ಟರೇ ಆಗಿರಲಿ,
ಹಿಂದೆ ತಿರುಗಿ ನನ್ನ ಮುಖ ನೋಡುತ್ತಿದ್ದ,
ನಾನೇ ಏನೋ ಮಾಡಿದೆನೆಂಬಂತೆ.

ಮೈಸೂರು ವಲಯ, ಆಮೇಲೆ ರೈಲ್ವೆ ನೌಕರಿ, ಆಮೇಲೆ ದಿಲ್ಲಿ.
ಅಲ್ಲಿ ಹುಲ್ಲು, ಮಣ್ಣು, ರೋಲರು.
ರಾತ್ರಿ ಹನ್ನೊಂದಕ್ಕೆ ಎಸ್‌ಟಿಡಿ ಬೂತಿನಿಂದ ನಿನ್ನ ದನಿ:
"ಇನಾಯತ್, ಚೆಂಡು ತಿರುಗ್ತಾ ಇಲ್ಲ ಕಣೋ."
ಊಟದ ಮಾತಿಲ್ಲ, ಚಳಿಯ ಮಾತಿಲ್ಲ.
ಕೊಬ್ಬರಿ ತೂಕದ ಪುಸ್ತಕದ ಮೇಲೆ ಕೈಯಿಟ್ಟುಕೊಂಡು
ನಾನೇನು ಹೇಳಲಿ?
"ಗಾಳೀಲಿ ನಿಲ್ಲಿಸು," ಅಂದುಬಿಟ್ಟೆ,
ಯಾರೋ ರೇಡಿಯೋದಲ್ಲಿ ಹೇಳಿದ್ದು.
ನೀನು ನಂಬಿದೆ.
ಎರಡು ವರ್ಷ ಹಿಡಿಯಿತು
ಅರ್ಧ ಕ್ಷಣ ನಿಲ್ಲಿಸುವುದಕ್ಕೆ.

ಏಳು ಸೀಸನ್ನು, ಹನ್ನೊಂದು ರಣಜಿ ಪಂದ್ಯ.
ಮಿಕ್ಕಿದ್ದೆಲ್ಲ ನೀರಿನ ಬಾಟಲಿ, ಒದ್ದೆ ಟವೆಲು,
ಇನ್ನೊಬ್ಬರ ಗ್ಲೌಸ್ ಎತ್ತಿಕೊಂಡು ಓಡುವುದು.
ಕಟಕ್‌ನಲ್ಲಿ ಐದು ವಿಕೆಟ್ ಕಿತ್ತ ಮಾರನೇ ದಿನ
ಪೇಪರಿನಲ್ಲಿ "ಚಲ್ವಾರಾಜ" ಎಂದು ಬಂತು.
ಮಾದಯ್ಯ ಆ ತುಂಡು ಕತ್ತರಿಸಿ, ಪೆನ್ನಿನಲ್ಲಿ ತಿದ್ದಿ,
ಟೋಪಿಯ ಒಳಗಿಟ್ಟುಕೊಂಡು ಲೈನಿಗೆ ಹೋದ.
ಆರನೆಯದು ಕ್ಯಾಚಂತೆ, ಕೀಪರ್ ಬಿಟ್ಟನಂತೆ.
ಯಾರೆಂದು ನಾನು ಕೇಳಲಿಲ್ಲ.
ಪಾಪ, ಅವನಿಗೆ ನಿನ್ನ ಮೂಗು ಗೊತ್ತಿರಲಿಲ್ಲ.

ಕೈಬಿಟ್ಟಿದ್ದೇವೆ ಎಂದು ಯಾರೂ ಹೇಳಲಿಲ್ಲ ನಿನಗೆ.
ಒಂದು ಚಳಿಗಾಲದ ಪಟ್ಟಿಯಲ್ಲಿ ಹೆಸರಿರಲಿಲ್ಲ, ಅಷ್ಟೆ.
ಈಗ ಕರಿಕೋಟು, ಹಾಸನ ಪ್ಯಾಸೆಂಜರು.
ಟಿಕೇಟು ಕೊಟ್ಟವರಿಗೆ ಕಾಣುವುದಿಲ್ಲ
ತೋರುಬೆರಳ ಪಕ್ಕದ ಆ ಗಟ್ಟಿ ಗಂಟು,
ದಾರದ ಹೊಲಿಗೆ ಇಪ್ಪತ್ತು ವರ್ಷ ಉಜ್ಜಿ ಮಾಡಿದ್ದು.
ಅದರಲ್ಲೇ ಟಿಕೇಟು ಮಗುಚಿ ನೋಡಿ ವಾಪಸು ಕೊಡುತ್ತೀಯೆ.

ಹೋದ ಭಾನುವಾರ ಶೆಡ್ಡಿನಿಂದ ಮ್ಯಾಟು ಎಳೆದೆವು.
ಇಲಿ ಮರಿ ಹಾಕಿತ್ತು,
ಮರಿಗಳನ್ನು ರಟ್ಟಿನ ಡಬ್ಬಿಗೆ ಹಾಕಿ ಬದಿಗಿಟ್ಟೆವು.
ಮೊಳೆ ಬಡಿಯಲು ಮಾದಯ್ಯನಿಲ್ಲ.
ನೀನೇ ಬಡಿದೆ, ಬಲಗೈಯಲ್ಲಿ.
ಬ್ಯಾಟಿಗೆ ಗಾರ್ಡ್ ಸಾಹೇಬರ ಮಗಳು, ಹದಿನಾರರ ಹುಡುಗಿ,
ಚೂಯಿಂಗ್ ಗಮ್ ಜಗಿಯುತ್ತಾ.
ಕೊಬ್ಬರಿ ಮಂಡಿ ತಮ್ಮನಿಗೆ ಬಿಟ್ಟಿದ್ದೇನೆ,
ಉಳಿದೆರಡು ಮಂಡಿ ಕಿರ್ರೆಂದು ಮಡಚಿಕೊಂಡು ಕೂತವು.

ಓಡಿ ಬರುವ ಮುನ್ನ ಕಿವಿ ತುರಿಸಿದೆ.
ಹುಬ್ಬಳ್ಳಿ, ಅಂದುಕೊಂಡೆ. ನೇರಕ್ಕೆ ಗ್ಲೌಸ್ ಹಿಡಿದೆ.
ಚೆಂಡು ಮೇಲೆ ಹೋಯಿತು, ನಿಂತಿತು,
(ಅದೇ ಅರ್ಧ ಕ್ಷಣ, ನಾನು ಫೋನಿನಲ್ಲಿ ಸುಮ್ಮನೆ ಹೇಳಿದ್ದು)
ನಾರು ಕಚ್ಚಿ
ಹಾಸನಕ್ಕೆ ತಿರುಗಿತು.
ಅವಳ ಬ್ಯಾಟು ದಾಟಿ, ನನ್ನ ಕೈ ದಾಟಿ,
ಗೂಡ್ಸ್ ನಿಂತಿದ್ದ ಲೈನಿನವರೆಗೂ ಉರುಳಿತು.

ಬೈ ನಾಲ್ಕು.

ಹುಡುಗಿ ಹಿಂದೆ ತಿರುಗಿ ನನ್ನ ಮುಖ ನೋಡಿದಳು.
ನಾನು ನಿನ್ನ ಮುಖ ನೋಡಿದೆ.
"ನಿಜಕ್ಕೂ ಕಿವಿ ಕಡೀತಿತ್ತು ಕಣೋ," ಎಂದೆ ನೀನು.