ಸೂಟು

ಬ್ಯಾಡಗಿ ಮಾರ್ಕೆಟ್ಟಿನಾಗ ಸೀನದ ಮಂದಿ ಸಿಗೂದಿಲ್ಲ.
ಲಾರಿ ನಿಂತಲ್ಲಿ ಸೀನು, ಚಾದಂಗಡ್ಯಾಗ ಸೀನು,
ಸತ್ತವರ ಸುದ್ದಿ ಹೇಳೂವಾಗೂ ನಡುವ ಒಂದು ಸೀನು.
ನಾನು ರೂತವ್ವ, ಮುರಿಗೆಪ್ಪ ಸಾವ್ಕಾರ್ರ ಅಡತಿ ಅಂಗಡ್ಯಾಗ
ಹನ್ನೊಂದು ವರ್ಷ ಕಾಟಾದ ಬಾಜೂಕ ಕುಂತು
ತೂಕ ಬರದಾಕಿ.

ನಲವತ್ತೊಂದು ಅಂತ ಕೆಂಪು ಅಂಕಿ ಮಿಣುಕಿದ್ರ
ನಲವತ್ತು ಅಂತ ಬರೀಬೇಕು.
ಒಂದು ಕಿಲೊ ಸೂಟು.
ಚೀಲದ ತೂಕ, ಧೂಳು, ಹಸಿ ಅಂತ ಮೂರು ಹೆಸರು ಅದಕ್ಕ.
ಯಾರೂ ಕಳವು ಅನ್ನೂದಿಲ್ಲ. ನಾನೂ ಅಂದಿರಲಿಲ್ಲ.
ಸೋಮವಾರ ಬರದೆ, ಗುರುವಾರ ಬರದೆ,
ಐತವಾರ ಬಿಳಿ ಸೀರಿ ಉಟ್ಟು ಚರ್ಚಿಗೆ ಹೋಗಿ
ಮುಂದಿನ ಬೆಂಚಿನಾಗ ದನಿ ತಗದು ಹಾಡಿದೆ.

ಅಮಾಸಿಗೆ ಕಾಟಾ ಪೂಜಿ.
ಹಿಂದಿನ ದಿನ ಅದನ್ನ ಉಜ್ಜಿ ತೊಳಿಯಾಕಿ ನಾನ.
ಕಾಯಿ ಒಡಿಯೂ ಹೊತ್ತಿಗೆ ಬಾಗಲದ ಹೊರಗ ನಿಂತು
"ನಿಮ್ಮ ಪೂಜಿ ನಿಮಗ, ನನ್ನದು ನನಗ ರೀ" ಅಂತಿದ್ದೆ.
ಸಾವ್ಕಾರ್ರು ನಗತಿದ್ರು: "ರೂತವ್ವ ಗಟ್ಟಿ ಹೆಣಮಗಳು."
ಆ ಮಾತು ಮನಿ ಮುಟ್ಟೂ ತನಕ
ಬಾಯಾಗ ಬೆಲ್ಲದಂಗ ಇಟಗೊಂಡಿರತಿದ್ದೆ.

ಒಂದು ಗುರುವಾರ, ಮಟ ಮಟ ಮಧ್ಯಾಹ್ನ,
ಲಾರಿ ಕ್ಲೀನರ್ ಒಬ್ಬ ತಾಡಪತ್ರಿ ಮಡಚಿಕೋತ ಅಂದ:
"ಹಾಲಿನಪುಡಿಗೆ ದೇವರನ್ನ ಮಾರಿದ ಮಂದಿ."
ನಾ ಎದ್ದೆ. ಕುರ್ಚಿ ಬಿತ್ತು.
"ಲೇ, ನಮ್ಮ ಮುತ್ತಜ್ಜ ಬೆಟಗೇರ್ಯಾಗ ಮಗ್ಗದ ಕುಣಿಗೆ
ಕಾಲು ಇಳಿಬಿಟ್ಟು ನೇಯ್ದು ಉಂಡಾಂವ.
ಯಾರ ಪುಡೀನೂ ನೆಕ್ಕಿಲ್ಲ.
ಶಿಲುಬಿ ಏರಿದಾತನ್ನ ನಂಬೀವಿ, ಪುಗಸಟ್ಟೆ ನಂಬೀವಿ!"
ಹಮಾಲರು ಬೆನ್ನ ಮ್ಯಾಲಿನ ಚೀಲ ಇಳಸದ ನಿಂತ್ರು.
ತುಂಬು ಬಿಡಿಸೂ ಹೆಂಗಸರು ಸೀನೂದು ಮರತ್ರು.
ಹುಡುಗ ಲಾರಿ ಹಿಂದ ಸರದ.
ನನ್ನ ಎದಿ ಡೊಳ್ಳಿನಂಗ ಬಡಕೋತಿತ್ತು,
ಖುಷಿಲೆ. ಸುಳ್ಳ್ಯಾಕ ಹೇಳಲಿ.

ಕಾಟಾದ ಮುಂದ ಕುಂದಗೋಳ ಕಡೆಯ ನೀಲಪ್ಪಜ್ಜ
ತನ್ನ ಆರು ಚೀಲದ ಚೀಟಿ ಮೂಗಿಗೆ ಹತ್ತಿಸಿ ಓದತಿದ್ದ.
ತಲಿ ಎತ್ತಲಿಲ್ಲ.
"ನಿನ್ನ ದೇವರ ಸಲುವಾಗಿ ಚಲೋ ಜಗಳಾಡಿದಿ ತಂಗಿ.
ಈ ಆರು ಕಿಲೊ
ಯಾರ ಸಲುವಾಗಿ ತಗದಿ?"

ಬೈದಿದ್ರ ಉತ್ತರ ಇತ್ತು ನನ್ನ ಹತ್ರ.
ಆಂವ ಕೇಳಿದ್ದ, ಅಷ್ಟ.

ನಮ್ಮೂರ ಕಾಯಿಗೆ ಮಂದಿ ಅಂತಾರ:
ಬಣ್ಣ ಬಾಳ, ಖಾರ ಕಮ್ಮಿ.

ಆ ರಾತ್ರಿ ಪ್ರಾರ್ಥನಾಕ್ಕ ಮಣಕಾಲೂರಿದ್ರ ಬರೇ ಅಂಕಿ ಬಂದ್ವು.
ಚೀಲಕ್ಕ ಒಂದು, ದಿನಕ್ಕ ಇಷ್ಟು ಚೀಲ, ಹನ್ನೊಂದು ವರ್ಷ.
ಗುಣಿಸೂದು ಬಿಟ್ಟು ಎದ್ದು ನೀರು ಕುಡದೆ.

ಸೋಮವಾರ ನಲವತ್ತೊಂದಕ್ಕ ನಲವತ್ತೊಂದು ಬರದೆ.
ಮೊದಲನೇ ಚೀಲಕ್ಕ ಕೈ ನಡಗಿತು.
ಏಳನೇದಕ್ಕ ಸಾವ್ಕಾರ್ರು ಬಂದು ಹಿಂದ ನಿಂತ್ರು.
"ಕಣ್ಣು ಮಂಜ ಆಗ್ಯಾವೇನು ರೂತವ್ವ?"
ಇಲ್ರೀ, ಈಗ ಕಾಣಾಕ ಹತ್ಯಾವು ಅನ್ನಬೇಕಂದೆ.
ಬಾಯಿಗೆ ಬಂದದ್ದು ಬ್ಯಾರೆ:
"ಕಾಟಾ ಹೇಳಿದ್ದು ಬರದೇನ್ರಿ.
ನಾ ಕ್ರಿಸ್ತಾನದಾಕಿ. ನನಗಿನ್ನ ಆಗೂದಿಲ್ಲ."
ದನಿ ಏರಿರಲಿಲ್ಲ. ಕುರ್ಚಿನೂ ಬೀಳಲಿಲ್ಲ.
ಬಾಜೂಕಿದ್ದವರಿಗೂ ಕೇಳಿಸಿತೋ ಇಲ್ಲೋ.

ಪೆನ್ನು ಈಗ ಸಾವ್ಕಾರ್ರ ಅಳಿಯನ ಕೈಯಾಗೈತಿ.
ನಾನು ಹುಸೇನಬೀ, ಫಕ್ಕೀರವ್ವನ ಸಾಲಿನಾಗ
ಕಾಯಿ ರಾಶಿ ಮುಂದ ಕುಂತು ತುಂಬು ಬಿಡಸತೇನಿ.
ಪಗಾರ ಅರ್ಧ. ಸೂಟು ನಿಂತಿಲ್ಲ.
ನೀಲಪ್ಪಜ್ಜ ಮತ್ತ ಈ ಅಂಗಡಿಗೆ ಬಂದಿಲ್ಲ,
ನಾ ಬರದದ್ದು ಆಂವಗ ಗೊತ್ತಿಲ್ಲ.
ಹುಸೇನಬೀ ಒಮ್ಮೆ ಕೇಳಿದ್ಲು: "ಹುಚ್ಚಿ, ನಿನಗೇನು ಸಿಕ್ತು?"
ಇಬ್ಬರೂ ಕೂಡೇ ಸೀನಿದಿವಿ. ಉತ್ತರ ಅಲ್ಲೇ ಹೋತು.

ಮೊನ್ನೆ ಐತವಾರ ಕರ್ತನ ಭೋಜನ.
ಹಿಂದಿನ ಬೆಂಚಿನಿಂದ ಎದ್ದು ಹೋದೆ.
ಅಯ್ಯನವರು ರೊಟ್ಟಿ ತುಂಡು ಅಂಗೈಯಾಗ ಇಟ್ರು.
ಮೂರು ಸಲ ಸಬಕಾರ ಹಚ್ಚಿ ತೊಳದ ಬಟ್ಟು,
ಉಗುರಿನ ಸಂದ್ಯಾಗ ಇನ್ನೂ ಕೆಂಪ.
ಬಾಯಿಗೆ ಇಟಗೊಂಡೆ.
ಕಮ್ಮಿ ಖಾರದ ಕಾಯಿ ಅಂತಾರ.
ನಾಲಿಗಿ ಚುರ್ ಅಂತು.